ಮೈಲೇಜಿನ ಮೋಹ

ಕಾರಿನ ಟೈರನ್ನು ಕುರಿತು ನಾವು ಲೇಖನಿ ಹಿಡಿಯುತ್ತೇವೆಂದು ಈ ಪತ್ರಿಕೆಯ ಓದುಗ ಬಂಧುಗಳು ಎಣಿಸಿರಲಾರರು. ನಾವೂ ಎಣಿಸಿರಲಿಲ್ಲ. ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತು, ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಓದುವುದರಲ್ಲಿಯೇ ನಲವತ್ತು ವರ್ಷಗಳನ್ನು ಕಳೆದ ನಮಗೆ ಟೈರೆಂಬುದು ಕಪ್ಪಗೆ ದುಂಡಗೆ ಇರುವ ಒಂದು ವಸ್ತು, ಅಷ್ಟೆ. ಆದರೆ ಕಳೆದ ಮುಂಗಾರಿಗೆ ಮುನ್ನ ತೆರಕಣಾಂಬಿಯ ಬಳಿ ನಡೆದ ಒಂದು ಪ್ರಸಂಗವು ನಮ್ಮ ಅಜ್ಞಾನವನ್ನು ನಮಗೇ ತೋರಿಸಿಕೊಟ್ಟಿತು. ಇಂದು ನಮ್ಮ ಸಮಾಜದ ಬಹುಪಾಲು ಮನೆಗಳ ಮುಂದೆ ಒಂದಲ್ಲ ಒಂದು ವಾಹನ ನಿಂತಿರುವುದರಿಂದ, ಆ ಪಾಠವನ್ನು ನಾಲ್ಕು ಜನರಿಗೆ ತಿಳಿಸುವುದು ಕರ್ತವ್ಯವೆಂದು ಬಗೆದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಬಾಲ್ಯದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಎತ್ತಿನ ಗಾಡಿಯೇ ವಾಹನ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ಮೇಲೆ ನೀರು ಸುರಿದು ಬಿಗಿಯುತ್ತಿದ್ದ ಕಮ್ಮಾರನ ಸುತ್ತ ಊರಿನ ಮಕ್ಕಳೆಲ್ಲ ನೆರೆಯುತ್ತಿದ್ದೆವು. ಆಮೇಲೆ ರಬ್ಬರಿನ ಚಕ್ರದ ಟೈರುಗಾಡಿ ಬಂದಿತು. ಎತ್ತಿಗೆ ಭಾರ ಕಡಿಮೆಯಾಯಿತೆಂದು ಹಿರಿಯರು ಸಂತೋಷಪಟ್ಟರು. ಮೈಸೂರಿನ ವಿಕ್ರಾಂತ್ ಟೈರಿನ ಹೆಸರು ನಮ್ಮ ಕಡೆಯ ಲಾರಿ ಮಾಲೀಕರ ಬಾಯಲ್ಲಿ ಮನೆಮಾತಾಗಿತ್ತು. 1997ರಲ್ಲಿ ಆ ಸಂಸ್ಥೆ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿತು. ಅದೇ ವರ್ಷ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟೆಲ್ಲ ಕಂಡಿದ್ದರೂ ಟೈರನ್ನು ಬಾಗಿ ನೋಡುವ ಪ್ರಸಂಗ ನಮಗೆ ಒದಗಿರಲಿಲ್ಲ.

2023ರ ಶ್ರಾವಣದಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ನಮ್ಮ ಓಡಾಟಕ್ಕೆಂದು ಒಂದು ಹೈಬ್ರಿಡ್ ಕಾರನ್ನು ಕೊಂಡು ತಂದು ನಿಲ್ಲಿಸಿದನು. ಅದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದದ್ದು. 1999ರ ಕೊನೆಯಲ್ಲಿ ವಾಹನ ತಯಾರಿಕೆಯನ್ನು ಆರಂಭಿಸಿದ ಆ ಕಾರ್ಖಾನೆಯಲ್ಲಿ 2013ರಿಂದ ಹೈಬ್ರಿಡ್ ಕಾರುಗಳೂ ಸಿದ್ಧವಾಗುತ್ತಿವೆ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ ಎರಡನ್ನೂ ಹೊಂದಿರುವ ವಾಹನ. ನಮ್ಮ ಕಾರಿನ ಬ್ಯಾಟರಿಯನ್ನು ಮನೆಯ ಕರೆಂಟಿನಿಂದ ತುಂಬಿಸಬೇಕಾಗಿಲ್ಲ. ಬ್ರೇಕು ಒತ್ತಿದಾಗ ಅಥವಾ ಇಳಿಜಾರಿನಲ್ಲಿ ಇಳಿಯುವಾಗ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುತ್ತಿದ್ದುದು ಹೀಗೆ ಸಾರ್ಥಕವಾಗುವ ವ್ಯವಸ್ಥೆ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಇಲ್ಲಿಂದಲೇ ನಮ್ಮ ಮೋಹವೂ ಆರಂಭವಾಯಿತು. ಎದುರಿನ ಫಲಕದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತೆಂಬ ಅಂಕಿ ಸದಾ ಮಿನುಗುತ್ತಿರುತ್ತದೆ. ಮೊದಲ ವರ್ಷ ಅದು 22ರ ಸುತ್ತಮುತ್ತ ಇದ್ದಿತು. ಬರಬರುತ್ತ ಇಪ್ಪತ್ತೆರಡೂವರೆ, ಇಪ್ಪತ್ಮೂರು, ಕಡೆಗೆ ಇಪ್ಪತ್ಮೂರೂವರೆಗೆ ಏರಿತು. ಮದುವೆ ಮನೆಯಲ್ಲಾಗಲಿ ಉಪನ್ಯಾಸದ ಸಭೆಯಲ್ಲಾಗಲಿ ಯಾರಾದರೂ ಮೈಲೇಜು ಎಷ್ಟೆಂದು ಕೇಳಿದರೆ, ಕಾರು ಹಳೆಯದಾದಷ್ಟೂ ಹೆಚ್ಚು ಕೊಡುತ್ತಿದೆಯೆಂದು ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಕಾರು ನಡೆಸುವ ನಮ್ಮೂರಿನ ಯುವಕನು ಯುಗಾದಿಯ ಹೊತ್ತಿಗೇ ಒಮ್ಮೆ, “ಬುದ್ಧಿ, ಮುಂದ್ಲೆರಡು ಟೈರು ಬೋಳಾಗ್ತಾ ಅವೆ. ಮಳೆ ಬರೋಕ್ ಮುಂಚೆ ಹೊಸದು ಹಾಕುಸ್ಬುಡವ” ಎಂದಿದ್ದನು. ನಾವು ಆ ಅಂಕಿಯನ್ನು ತೋರಿಸಿ, ಇಷ್ಟು ಚೆನ್ನಾಗಿ ಓಡುತ್ತಿರುವುದನ್ನು ಬದಲಿಸುವುದೇಕೆಂದು ಅವನ ಬಾಯಿ ಮುಚ್ಚಿಸಿದೆವು. ಆಗ ಕಾರು 45,000 ಕಿಲೋಮೀಟರ್ ಓಡಿದ್ದಿತು.

ವೈಶಾಖದ ಒಂದು ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿರುವ ಅಕ್ಕನ ಮನೆಗೆ ಹೊರಟೆವು. ಸೊಸೆಯೂ ಏಳು ವರ್ಷದ ಮೊಮ್ಮಗನೂ ಜೊತೆಗಿದ್ದರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿಯ ಮೇಲೆ ಸುಮಾರು 35 ಕಿಲೋಮೀಟರ್. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಕೇರಳಕ್ಕೆ ಹೋಗುವ ಲಾರಿಗಳು ಆ ರಸ್ತೆಯಲ್ಲಿ ಓಡಾಡುತ್ತಿರುತ್ತವೆ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಧೂಳು ಮತ್ತು ಎಣ್ಣೆಯ ಜಿಡ್ಡು ಕೂತಿತ್ತು. ಅದರ ಮೇಲೆ ಆ ದಿನ ಮೊದಲ ಮಳೆ ಬಿದ್ದಿತು. ಹದಿನೈದು ನಿಮಿಷ ಸುರಿದು ನಿಂತ ಮಳೆ. ರಸ್ತೆ ಕನ್ನಡಿಯಂತೆ ಹೊಳೆಯುತ್ತಿತ್ತು.

ತಿರುವಿನ ಆಚೆ ದನಗಳ ಮಂದೆ ರಸ್ತೆ ದಾಟುತ್ತಿತ್ತು. ಮಂದೆಯ ಹಿಂದೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ತಾಯಿ. ಯುವಕನು ಸಕಾಲಕ್ಕೇ ಬ್ರೇಕು ಒತ್ತಿದನು. ವೇಗವೂ ಹೆಚ್ಚಿರಲಿಲ್ಲ. ಆದರೂ ಕಾರು ನಿಲ್ಲಲಿಲ್ಲ. ಪೆಡಲು ಗಡಗಡ ನಡುಗಿತು, ಕಾರು ಮಾತ್ರ ನೀರಿನ ಮೇಲೆ ಹಲಗೆ ಜಾರುವಂತೆ ಮುಂದಕ್ಕೆ ಜಾರುತ್ತಲೇ ಹೋಯಿತು. ಆ ತಾಯಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಹುಲ್ಲಿನ ಹೊರೆ ಅವರ ತಲೆಯಿಂದ ಕೆಳಗೆ ಬಿದ್ದಿತ್ತು. ನಾವು ಇಳಿದು ಕೈಮುಗಿದೆವು. ಆಕೆ ಬೈಯಲಿಲ್ಲ. ಕಾರಿನೊಳಗೆ ಇಣುಕಿ, “ಮಗೀನ್ನ ಕೂರಿಸ್ಕಂಡು ಇಂಗ್ ಬರಬೋದಾ ಬುದ್ಧಿ? ವಸಿ ನಿಧಾನವಾಗಿ ಬನ್ನಿ” ಎಂದರು. ಹೊರೆಯನ್ನು ಎತ್ತಿ ತಲೆಯ ಮೇಲಿಡುವಾಗ ನಮ್ಮ ಕೈಗಳು ನಡುಗುತ್ತಿದ್ದವು. ಯುವಕನು ಒಂದು ಮಾತನ್ನೂ ಆಡಲಿಲ್ಲ. ಯುಗಾದಿಯಲ್ಲಿ ತಾನು ಹೇಳಿದ್ದನ್ನು ಅವನು ನೆನಪಿಸದೆ ಇದ್ದುದೇ ನಮಗೆ ಹೆಚ್ಚು ನೋವನ್ನುಂಟುಮಾಡಿತು.

ಅಕ್ಕನ ಮನೆ ಸೇರಿದ ಮೇಲೆ ಊಟ ರುಚಿಸಲಿಲ್ಲ. ಟಾರ್ಚು ಹಿಡಿದು ಅಂಗಳಕ್ಕೆ ಬಂದು ಮೊದಲ ಬಾರಿಗೆ ಟೈರಿನ ಮುಂದೆ ಕುಳಿತೆವು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ರಬ್ಬರು ಸವೆದು ಆ ದಿಣ್ಣೆಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತೆಂದು ಅರ್ಥ. ನಮ್ಮ ದೇಶದ ಮೋಟಾರು ವಾಹನ ನಿಯಮವೂ ಕಾರುಗಳಿಗೆ ಇದೇ ಮಿತಿಯನ್ನು ಹೇಳುತ್ತದೆ. ನಮ್ಮ ಮುಂದಿನ ಎರಡು ಟೈರುಗಳು ಆ ಮಟ್ಟವನ್ನು ಬಹುಮಟ್ಟಿಗೆ ಮುಟ್ಟಿದ್ದವು. ಹಿಂದಿನವೂ ಅರ್ಧಕ್ಕಿಂತ ಹೆಚ್ಚು ಸವೆದಿದ್ದವು.

ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರಗಳ ಒಂದು ಶಾಸನವೇ ಇದ್ದಿತು. ಮೊಮ್ಮಗನು ಬೆರಳಿಟ್ಟು ಒಂದೊಂದನ್ನೇ ಓದಿದನು: 215/60 ಆರ್ 17, ಮುಂದೆ 96 ಎಚ್. ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 60, ಆರ್ ಎಂದರೆ ರೇಡಿಯಲ್, ರಿಮ್ಮಿನ ವ್ಯಾಸ 17 ಅಂಗುಲ. 96 ಎಂಬುದು ಭಾರದ ಸಂಕೇತ, ಒಂದು ಟೈರು 710 ಕಿಲೋಗ್ರಾಮ್ ಹೊರಬಲ್ಲುದು. ಎಚ್ ಎಂಬುದು ಗಂಟೆಗೆ 210 ಕಿಲೋಮೀಟರ್ ವೇಗದವರೆಗಿನ ಯೋಗ್ಯತೆ. ಇವುಗಳ ಅರ್ಥವನ್ನು ಸೋದರಳಿಯನು ಬಿಡಿಸಿ ಹೇಳಿದನು. ಮತ್ತೊಂದು ಕಡೆ ನಾಲ್ಕು ಅಂಕಿಗಳಿದ್ದವು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 3524 ಎಂದಿದ್ದರೆ 2024ನೆಯ ವರ್ಷದ 35ನೆಯ ವಾರದಲ್ಲಿ ತಯಾರಾದದ್ದು. ಪಾಠಶಾಲೆಯಲ್ಲಿ ನಮ್ಮ ಗುರುಗಳು, ಯಾವ ಕಟ್ಟನ್ನು ಕೈಗೆತ್ತಿಕೊಂಡರೂ ಮೊದಲು ಕೊನೆಯ ಗರಿಯನ್ನು ನೋಡಿ ಸಂವತ್ಸರವನ್ನು ಗೊತ್ತುಮಾಡಿಕೊಳ್ಳಬೇಕೆಂದು ಕಲಿಸಿದ್ದರು. ಮೂರು ವರ್ಷ ನಮ್ಮನ್ನು ಹೊತ್ತು ತಿರುಗಿದ ವಸ್ತುವಿನ ಮೇಲೆ ಬರೆದಿದ್ದುದನ್ನು ನಾವು ಒಮ್ಮೆಯೂ ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಸಭೆ ಸೇರಿತು. ಸೋದರಳಿಯನು, “ಮಾವ, ಮುಂದಿನವು ಎರಡನ್ನು ಮಾತ್ರ ಬದಲಿಸಿ, ಕಡಿಮೆ ಬೆಲೆಯದು ಹಾಕಿಸಿ” ಎಂದನು. ಬೆಂಗಳೂರಿನಿಂದ ಮಗನು ಫೋನಿನಲ್ಲಿ, “ಅಪ್ಪಾಜಿ, ಹೈಬ್ರಿಡ್ ಕಾರಿಗೆ ಮೈಲೇಜು ಉಳಿಸುವ ಟೈರೇ ಬೇಕು, ಇಲ್ಲದಿದ್ದರೆ ಹೆಚ್ಚು ಹಣ ಕೊಟ್ಟು ಆ ಕಾರು ಕೊಂಡದ್ದು ವ್ಯರ್ಥ” ಎಂದನು. ಸೊಸೆ ಮಾತ್ರ, “ಮಾವಯ್ಯ, ನಿನ್ನೆ ನಿಲ್ಲದೆ ಹೋದದ್ದು ಮತ್ತೊಮ್ಮೆ ಆಗಬಾರದು, ಅಷ್ಟೇ” ಎಂದಳು. ಟೈರು ಒಂದಕ್ಕೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ನಾಲ್ಕಕ್ಕೆ ನಲವತ್ತು ಸಾವಿರ. ನಮ್ಮಲ್ಲಿದ್ದ ಹಣವನ್ನು ಒಂದು ಸಂಪಾದಿತ ಗ್ರಂಥದ ಮುದ್ರಣಕ್ಕೆಂದು ತೆಗೆದಿರಿಸಿದ್ದೆವು. ಕಾರನ್ನೇ ಕೊಡಿಸಿದ ಮಗನ ಮುಂದೆ ಟೈರಿಗೂ ಕೈಚಾಚಲು ಮನಸ್ಸು ಒಪ್ಪಲಿಲ್ಲ.

ಮೊದಲು ಹೋದ ಅಂಗಡಿಯಲ್ಲಿ ಬಹಳ ಆದರದಿಂದ ಮಾತನಾಡಿಸಿದರು. ಇದೇ ಅಳತೆಯ ಟೈರನ್ನು ನಾಲ್ಕರಲ್ಲೊಂದು ಭಾಗ ರಿಯಾಯಿತಿಯಲ್ಲಿ ಕೊಡುತ್ತೇವೆಂದರು. ಹಿಂದಿನ ರಾತ್ರಿ ಕಲಿತ ವಿದ್ಯೆಯಿಂದ ಬಾಗಿ ನೋಡಿದೆವು. ನಾಲ್ಕು ಅಂಕಿಗಳು 0822 ಎಂದಿದ್ದವು. 2022ರ ಎಂಟನೆಯ ವಾರದ ಸರಕು. ಉಪಯೋಗಿಸದೆ ಇಟ್ಟಿದ್ದರೂ ರಬ್ಬರು ಕಾಲಕ್ರಮದಲ್ಲಿ ಗಡುಸಾಗುತ್ತದೆ, ಗಡುಸಾದ ರಬ್ಬರು ಒದ್ದೆ ನೆಲವನ್ನು ಕಚ್ಚುವುದಿಲ್ಲ. ರಿಯಾಯಿತಿಯ ಕಾರಣ ತಿಳಿಯಿತು. ನಮಸ್ಕರಿಸಿ ಹೊರಬಂದೆವು.

ಆಮೇಲೆ ಯುವಕನು ತನಗೆ ಪರಿಚಯವಿದ್ದ ಒಂದು ಹಳೆಯ ಅಂಗಡಿಗೆ ಕರೆದೊಯ್ದನು. ಅಲ್ಲಿನ ಹಿರಿಯ ಸಾಹೇಬರು ಊಟಿ ಮತ್ತು ವಯನಾಡಿಗೆ ಹೋಗುವ ಲಾರಿಗಳ ಟೈರುಗಳನ್ನು ನೋಡುತ್ತಲೇ ಮುದುಕರಾದವರು. ಅವರು ನಮ್ಮ ಟೈರಿನ ಮೇಲೆ ಅಂಗೈ ಸವರಿ, “ಸ್ವಾಮಿ, ಬ್ರೇಕು ಚಕ್ರ ನಿಲ್ಲಿಸ್ತದೆ. ಕಾರು ನಿಲ್ಸೋದು ಟೈರು” ಎಂದರು. ನಿನ್ನೆಯ ಜಾರುವಿಕೆಯ ಕಾರಣವೆಲ್ಲ ಆ ಮಾತಿನಲ್ಲಿ ಇದ್ದಿತು. ಇಡೀ ಕಾರು ನೆಲವನ್ನು ಮುಟ್ಟಿರುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ. ಗೀರುಗಳು ಆಳವಾಗಿದ್ದರೆ ಆ ಜಾಗದ ನೀರು ಅವುಗಳ ಮೂಲಕ ಹರಿದುಹೋಗಿ ರಬ್ಬರಿಗೆ ನೆಲ ಸಿಕ್ಕುತ್ತದೆ. ಗೀರು ಸವೆದರೆ ನೀರಿಗೆ ದಾರಿಯಿಲ್ಲ, ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಎಷ್ಟು ಉತ್ತಮವಾದ ಬ್ರೇಕಿದ್ದರೂ ಪ್ರಯೋಜನವಿಲ್ಲ.

ಮುಂದಿನವೇ ಏಕೆ ಬೇಗ ಸವೆದವೆಂದು ಕೇಳಿದೆವು. ನಮ್ಮ ಕಾರಿನಲ್ಲಿ ಎಳೆಯುವ ಕೆಲಸ ಮುಂದಿನ ಚಕ್ರಗಳದು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ. ಬ್ರೇಕಿನಿಂದ ವಿದ್ಯುತ್ತನ್ನು ಮರಳಿ ಪಡೆಯುವ ಕೆಲಸವೂ ಅವುಗಳ ಮೂಲಕವೇ ನಡೆಯುತ್ತದೆ. ಬ್ಯಾಟರಿಯ ಭಾರ ಬೇರೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿದ್ದರೆ ನಾಲ್ಕೂ ಸಮನಾಗಿ ಸವೆಯುತ್ತಿದ್ದವು. ನಾವು ಮಾಡಿಸಿರಲಿಲ್ಲ. ಹೈಬ್ರಿಡ್ ಕಾರಿನಲ್ಲಿ ಮೋಟಾರೇ ವೇಗವನ್ನು ತಗ್ಗಿಸುವುದರಿಂದ ಬ್ರೇಕಿನ ಪ್ಯಾಡುಗಳು ಬಹುಕಾಲ ಬಾಳುತ್ತವೆ. ಅವುಗಳ ದೆಸೆಯಿಂದಲಾದರೂ ಚಕ್ರ ಬಿಚ್ಚಿ ನೋಡುವ ಪ್ರಸಂಗ ಬರುವುದಿಲ್ಲ.

ಎರಡನ್ನು ಮಾತ್ರ ಬದಲಿಸಿದರೆ ಹೇಗೆಂಬ ಸೋದರಳಿಯನ ಪ್ರಶ್ನೆಗೆ ಸಾಹೇಬರು ಕೊಟ್ಟ ಉತ್ತರ ನಮ್ಮನ್ನು ಬೆರಗುಗೊಳಿಸಿತು. ಎರಡೇ ಹೊಸದಾದರೆ ಅವನ್ನು ಹಿಂದಕ್ಕೆ ಹಾಕಬೇಕಂತೆ, ಎಳೆಯುವ ಚಕ್ರ ಮುಂದಿನದಾದರೂ ಸರಿಯೇ. ಒದ್ದೆಯಲ್ಲಿ ಮುಂಭಾಗ ಜಾರಿದರೆ ನಡೆಸುವವನಿಗೆ ತಿಳಿಯುತ್ತದೆ, ಕಾಲು ಸಡಿಲಿಸಿ ಸಾವರಿಸಿಕೊಳ್ಳಬಹುದು. ಹಿಂಭಾಗ ಜಾರಿದರೆ ಕಾರು ಗಿರ್ರನೆ ಸುತ್ತುತ್ತದೆ, ಸಾವರಿಸುವುದು ಕಷ್ಟ. ಜೊತೆಗೆ, ಅಳತೆಯನ್ನು ಬದಲಿಸಬಾರದು, ಭಾರದ ಅಂಕಿ ಮೊದಲಿನದಕ್ಕಿಂತ ಕಡಿಮೆಯಿರಬಾರದು, ಹೈಬ್ರಿಡ್ಡಿಗೆಂದು ಬೇರೆ ಜಾತಿಯ ಟೈರೇನೂ ಬೇಕಾಗಿಲ್ಲ ಎಂದರು.

ಇನ್ನು ಮಗನ ಮಾತು ಉಳಿದಿತ್ತು. ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ, ಮೇಲೇಳುವಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ಸೆಟೆಯುವಾಗ ಬಿಸಿಯಾಗಿ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಉರುಳುವಾಗ ಒದಗುವ ಈ ತಡೆ ಶೇಕಡ 10ರಷ್ಟು ಕಡಿಮೆಯಾದರೆ ಇಂಧನದಲ್ಲಿ ಶೇಕಡ 1ರಿಂದ 2ರಷ್ಟು ಉಳಿತಾಯವೆಂದು ತಜ್ಞರ ಅಂದಾಜು. ಹಿಂದೆ ತಡೆ ಕಡಿಮೆಮಾಡಿದರೆ ಒದ್ದೆಯಲ್ಲಿನ ಹಿಡಿತವೂ ಕಡಿಮೆಯಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು ರಬ್ಬರಿಗೆ ಸಿಲಿಕಾ ಬೆರೆಸಿ ಎರಡನ್ನೂ ಒಟ್ಟಿಗೆ ಸಾಧಿಸುವ ಟೈರನ್ನು ಮಾರುಕಟ್ಟೆಗೆ ತಂದಿತು. ಈಗ ಬಹಳ ಸಂಸ್ಥೆಗಳು ಅದೇ ಮಾರ್ಗದಲ್ಲಿವೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಉರುಳುವಿಕೆಯ ತಡೆ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ಟೈರುಗಳು ಮುಟ್ಟಬೇಕಾದ ಮಟ್ಟವನ್ನು ನಿಯಮ ಮಾಡಿತು. ಆದರೂ ಒಂದೊಂದು ಟೈರಿನ ಒಲವು ಒಂದೊಂದು ಕಡೆಗೆ.

ಮಾತಿನ ನಡುವೆ, ಕಾರು ಹಳೆಯದಾದಷ್ಟೂ ಮೈಲೇಜು ಏರಿತೆಂಬ ನಮ್ಮ ಹೆಮ್ಮೆಯನ್ನು ಸಾಹೇಬರ ಮುಂದೆಯೂ ಆಡಿದೆವು. ಅವರು ನಕ್ಕರು. “ಸವೆದ ಟೈರು ಯಾವಾಗ್ಲೂ ಜಾಸ್ತಿ ಕೊಡ್ತದೆ ಸ್ವಾಮಿ” ಎಂದರು. ರಬ್ಬರು ತೆಳುವಾದಷ್ಟೂ ಬಾಗುವ ವಸ್ತು ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ. ಇನ್ನೊಂದು ಸಂಗತಿಯನ್ನು ನಾವೇ ಲೆಕ್ಕ ಹಾಕಿದೆವು. ನಮ್ಮ ಟೈರಿನ ವ್ಯಾಸ ಹೊಸದರಲ್ಲಿ ಸುಮಾರು 690 ಮಿಲಿಮೀಟರ್. ಗೀರಿನ ಆಳ 8ರಿಂದ 2 ಮಿಲಿಮೀಟರಿಗೆ ಇಳಿದರೆ ವ್ಯಾಸದಲ್ಲಿ 12 ಮಿಲಿಮೀಟರ್ ಹೋಯಿತು. ಚಕ್ರ ಚಿಕ್ಕದಾದರೆ ಅಷ್ಟೇ ದಾರಿಗೆ ಹೆಚ್ಚು ಸುತ್ತು ತಿರುಗುತ್ತದೆ. ಮೀಟರು ಸುತ್ತನ್ನು ಎಣಿಸುತ್ತದೆಯೇ ಹೊರತು ದಾರಿಯನ್ನಲ್ಲ. ಹೀಗಾಗಿ ಅದು 100 ಕಿಲೋಮೀಟರ್ ಎಂದು ತೋರಿಸಿದಾಗ ನಾವು ನಿಜವಾಗಿ ಕ್ರಮಿಸಿದ್ದು 98ಕ್ಕೆ ಸ್ವಲ್ಪ ಮೇಲೆ. ಸಭೆಸಭೆಯಲ್ಲಿ ನಾವು ಹೇಳಿಕೊಂಡು ತಿರುಗಿದ ಏರಿಕೆಯ ಒಂದು ಪಾಲು ಟೈರಿನ ಆಯುಸ್ಸು ಕರಗಿದ್ದರಿಂದ ಬಂದದ್ದು, ಇನ್ನೊಂದು ಪಾಲು ಇಲ್ಲದೇ ಇದ್ದದ್ದು. ಕ್ಷಯವನ್ನು ವೃದ್ಧಿಯೆಂದು ಎಣಿಸಿ, ಅದನ್ನೇ ತೋರಿಸಿ ಒಬ್ಬ ಬಡ ಯುವಕನ ಸರಿಯಾದ ಮಾತನ್ನು ತಳ್ಳಿಹಾಕಿದ್ದೆವು. ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದಂತೆಯೇ ನಮ್ಮ ಮುಖ ಬಾಡಿತು.

ಆಮೇಲೆ ನಿರ್ಧಾರ ಕಷ್ಟವಾಗಲಿಲ್ಲ. ಕಾಗದದ ಮೇಲೆ ಇನ್ನೊಂದು ಲೆಕ್ಕ ಬರೆದೆವು. ವರ್ಷಕ್ಕೆ 15,000 ಕಿಲೋಮೀಟರ್ ಓಡಾಟ, ಲೀಟರಿಗೆ 22ರಂತೆ ಸುಮಾರು 680 ಲೀಟರ್ ಪೆಟ್ರೋಲು. ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ಟೈರು ಶೇಕಡ 2ರಷ್ಟು ಹೆಚ್ಚು ಕುಡಿಯುವುದೆಂದೇ ಇಟ್ಟುಕೊಳ್ಳೋಣ. ಹದಿಮೂರು-ಹದಿನಾಲ್ಕು ಲೀಟರ್. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ 1,400 ರೂಪಾಯಿ ಮೀರದು. ದಿನಕ್ಕೆ ನಾಲ್ಕು ರೂಪಾಯಿ. ಇಷ್ಟಕ್ಕಾಗಿ ಆ ಹುಲ್ಲಿನ ಹೊರೆಯ ತಾಯಿಯನ್ನು ಪಣಕ್ಕೆ ಒಡ್ಡಬಹುದೆ? ಕಾಗದವನ್ನು ಸೊಸೆಯ ಕೈಗೆ ಕೊಟ್ಟೆವು. ಅವಳು ಓದಿ ಮಗನಿಗೆ ಫೋನು ಮಾಡಿದಳು. ಅವನೂ ಒಪ್ಪಿದನು. ಮೊದಲಿನ ಅಳತೆಯ, ಅದೇ 96 ಎಚ್ ಗುರುತಿನ, ತಯಾರಾಗಿ ನಾಲ್ಕು ತಿಂಗಳಾಗಿದ್ದ, ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಾದ ಸಿಲಿಕಾ ಬೆರೆತ ಟೈರುಗಳನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿದೆವು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಅಲ್ಲಿಯೇ ಮುಗಿಸಿದೆವು. ಹಳೆಯ ಟೈರುಗಳನ್ನು ಯಾರೂ ಮತ್ತೆ ಕಾರಿಗೆ ಹಾಕದಂತೆ ಕತ್ತರಿಸಬೇಕೆಂದು ಸಾಹೇಬರನ್ನು ಕೇಳಿಕೊಂಡೆವು. ಗ್ರಂಥದ ಮುದ್ರಣವು ದೀಪಾವಳಿಯ ಆಚೆಗೆ ಹೋಯಿತು. ಮುನ್ನೂರು ವರ್ಷ ಗರಿಯಲ್ಲಿ ಕಾದ ಕೃತಿ ಇನ್ನಾರು ತಿಂಗಳು ಕಾಯದೆ ಇರದು.

ಈಗ ಫಲಕದ ಅಂಕಿ ಮತ್ತೆ 22ಕ್ಕೆ ಇಳಿದಿದೆ. ಮೊದಮೊದಲು 22ಕ್ಕೂ ಕೆಳಗಿತ್ತು. ಮೊಮ್ಮಗನು “ತಾತ, ಮೈಲೇಜು ಬಿದ್ದುಹೋಯಿತು” ಎಂದು ವಾರಕ್ಕೊಮ್ಮೆ ಫೋನಿನಲ್ಲಿ ಕೇಳಿ ತಿಳಿದು ಹಾಸ್ಯ ಮಾಡುತ್ತಾನೆ. ಮೊನ್ನೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ದಾರಿಯಲ್ಲಿ ಹೋಗುವಾಗ ಜಿನುಗು ಮಳೆಯಲ್ಲಿ ಒಂದು ಜಿಂಕೆ ಎದುರಿಗೆ ನೆಗೆಯಿತು. ಯುವಕನು ಬ್ರೇಕು ಒತ್ತಿದನು, ಕಾರು ಅಲ್ಲಿಯೇ ನಿಂತಿತು. ಅವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ಮುಗುಳ್ನಕ್ಕನು. ಆಗ ನಾವು, ಯುಗಾದಿಯಂದು ನಿನ್ನ ಮಾತು ಕೇಳದೆ ಇದ್ದುದು ನಮ್ಮ ತಪ್ಪೆಂದು ಅವನಿಗೆ ಹೇಳಿದೆವು. ಅದನ್ನು ಹೇಳಲು ನಮಗೆ ಅಷ್ಟು ದಿನ ಬೇಕಾಯಿತು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ತಿಂಗಳಿಗೆ ಒಂದು ದಿನ ನಾಲ್ಕು ಟೈರುಗಳನ್ನೂ ಸ್ಟೆಪ್ನಿಯನ್ನೂ ಬಾಗಿ ನೋಡಿರಿ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನಲ್ಲಿ ಬರೆದಿರುವಷ್ಟು ಗಾಳಿ ಹಾಕಿಸಿರಿ. ಗಾಳಿ ಕಡಿಮೆಯಾದರೆ ಪೆಟ್ರೋಲೂ ಹಾಳು, ಟೈರೂ ಹಾಳು. ಕೊಳ್ಳುವಾಗ ಅಳತೆ, ಭಾರದ ಅಂಕಿ, ತಯಾರಾದ ವಾರ ಈ ಮೂರನ್ನು ನೀವೇ ಓದಿ ಕೊಳ್ಳಿರಿ. ಒದ್ದೆ ನೆಲದ ಹಿಡಿತವನ್ನು ಮೊದಲು ಕೇಳಿ, ಮೈಲೇಜನ್ನು ಆಮೇಲೆ ಕೇಳಿರಿ. ಗಾಡಿ ನಡೆಸುವವನು ಟೈರು ಸವೆದಿದೆಯೆಂದು ಹೇಳಿದರೆ ಮಾತು ಬೆಳೆಸದೆ ಇಳಿದು ನೋಡಿರಿ. ಶರಣು.